ಎಲ್ಲೂ ಹೋಗಿದ್ದಿಲ್ಲ, ಒಳಗ ಕುಂತಿತ್ತು

ಕೇಳುಗರಿಗೆ ನಮಸ್ಕಾರ. ರೊಟ್ಟಿ ಬಡಿಯುತ್ತ ರೇಡಿಯೊ ಹಚ್ಚಿಕೊಂಡಿರುವ ತಾಯಂದಿರೇ, ಇವತ್ತಿನ ಮಾತು ಮೊದಲು ನಿಮಗೆ. ಮಗುವಿಗೆ ಹುಟ್ಟಿನಿಂದ ಏನಾದರೂ ತೊಂದರೆ ಬಂದರೆ, "ಇದು ನಮ್ಮ ಮನೆತನದಾಗ ಇರಲಿಲ್ಲ" ಎಂದು ಸೊಸೆಯ ಕಡೆ ನೋಡುತ್ತಾರೆ. ಇರಲಿಲ್ಲ ಅಲ್ಲ, ಕಾಣಲಿಲ್ಲ. ನಾನು ಹೇಳುವುದು ಇದೊಂದನ್ನೇ.

ಧಾರವಾಡದಲ್ಲಿ ಓದುವಾಗ ನಮ್ಮ ಗುರುಗಳು ಎರಡು ತಳಿಯ ಬಟಾಣಿ ಕೊಟ್ಟು, "ಮೆಂಡಲ್ ಮಾಡಿದ್ದನ್ನ ನೀವೂ ಮಾಡ್ರಿ" ಅಂದರು. ಗ್ರೆಗೊರ್ ಮೆಂಡಲ್ ಯುರೋಪಿನ ಬ್ರನೋ ಊರಿನ ಸನ್ಯಾಸಿ. 1856ರಿಂದ ಮಠದ ತೋಟದಲ್ಲಿ ಬಟಾಣಿ ಬೆಳೆದು ಕಾಳು ಕಾಳು ಎಣಿಸಿದವರು. ನಾವು ಚಳಿಗಾಲದ ಮುಂಜಾನೆ ದುಂಡುಕಾಳಿನ ಗಿಡದ ಮೊಗ್ಗು ಬಿಡಿಸಿ, ಚಿಮಟದಿಂದ ಹತ್ತೂ ಕೇಸರ ಕಿತ್ತು, ಸುಕ್ಕುಕಾಳಿನ ಗಿಡದ ಪರಾಗ ಸವರಿದೆವು. ಕಟ್ಟಿದ ಕಾಳೆಲ್ಲ ದುಂಡು! ತೋಟ ನೋಡಿಕೊಳ್ಳುತ್ತಿದ್ದ ಕಾಕಾ, "ಸುಕ್ಕಿಂದು ಮುಗೀತು ಬಿಡ್ರಿ" ಅಂದರು.

ಮರುವರ್ಷ ಅದೇ ದುಂಡುಕಾಳು ಬಿತ್ತಿದೆವು. ಈ ಸಲ ಹೂವಿಗೆ ಕೈ ಹಚ್ಚಲಿಲ್ಲ, ತಾವೇ ಕಾಯಿ ಕಟ್ಟಿದವು. ಒಣಗಿದ ಕಾಯೊಂದನ್ನು ಕಾಕಾ ಹೆಬ್ಬೆರಳಿನಿಂದ ಸೀಳಿದರು. ಒಳಗೆ ಏಳು ಕಾಳು. ಐದು ಗುಂಡಗೆ, ನುಣ್ಣಗೆ. ಅವುಗಳ ನಡುವೆ ಎರಡು ಒಣದ್ರಾಕ್ಷಿಯ ಹಾಗೆ ಮುದುಡಿದ್ದವು. ಕಾಕಾ ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿ, "ಎಲ್ಲೂ ಹೋಗಿದ್ದಿಲ್ರೀ ಇದು, ಒಳಗ ಕುಂತಿತ್ತು" ಅಂದರು. ಆಮೇಲೆ ಎಷ್ಟೋ ವರ್ಷ ಪಾಠ ಮಾಡಿದೆ; ಆ ಮಾತನ್ನು ಹೇಳದೆ ಒಂದು ತರಗತಿಯನ್ನೂ ಮುಗಿಸಿಲ್ಲ.

ಮೆಂಡಲ್ ಎಣಿಸಿದಾಗ ದುಂಡು 5474, ಸುಕ್ಕು 1850. ಸುಮಾರು ಮೂರಕ್ಕೆ ಒಂದು. ಒಂದು ಗುಣಕ್ಕೆ ಎರಡು ಚೀಟಿ ಅಂತಿಟ್ಟುಕೊಳ್ಳಿ, ತಾಯಿಯದೊಂದು, ತಂದೆಯದೊಂದು. ದುಂಡಿನ ಚೀಟಿ ಒಂದೇ ಇದ್ದರೂ ಕಾಳು ದುಂಡು. ಸುಕ್ಕು ಕಾಣಬೇಕಾದರೆ ಎರಡೂ ಸುಕ್ಕಿನವೇ ಆಗಬೇಕು. ಈ ಸುಕ್ಕಿನ ಚೀಟಿಗೆ 'ದುರ್ಬಲ' ಎನ್ನುವ ರೂಢಿಯಿದೆ. ನನಗೆ ಆ ಪದ ಸೇರುವುದಿಲ್ಲ. ಅದಕ್ಕೆ ಬಲವಿಲ್ಲ ಅಂತಲ್ಲ, ಸುಮ್ಮನೆ ಕೂತಿದೆ.

ಮನುಷ್ಯರ ಕೆಲವು ರೋಗಗಳಿಗೂ ಚೀಟಿಯ ಲೆಕ್ಕ ಇದೇ. ಹೊತ್ತು ಆಗುತ್ತ ಬಂತು, ಥಲಸ್ಸೀಮಿಯಾ ಎಂಬ ರಕ್ತದ ರೋಗದ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಅದರ ಒಂದು ಚೀಟಿ ಇದ್ದವರು ಹೊಲಗೆಲಸ ಮಾಡಿಕೊಂಡು ಗಟ್ಟಿಮುಟ್ಟಾಗಿಯೇ ಇರುತ್ತಾರೆ. ಗಂಡ ಹೆಂಡತಿ ಇಬ್ಬರಲ್ಲೂ ಇದ್ದರೆ, ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು. "ಒಂದಕ್ಕೆ ಬಂತು, ಇನ್ನು ಮೂರಕ್ಕೆ ಬರೂದಿಲ್ಲ" ಅನ್ನುತ್ತಾರೆ. ತಪ್ಪು, ದಯವಿಟ್ಟು ಹಾಗೆ ತಿಳಿಯಬೇಡಿ. ಪ್ರತಿ ಬಸಿರಿಗೂ ಚೀಟಿ ಹೊಸದಾಗಿ ಎತ್ತಬೇಕು. ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಟ್ಟಾಗ ಒಬ್ಬನೇ ಅಜ್ಜನ ಚೀಟಿ ಎರಡೂ ಕಡೆಯಿಂದ ಬಂದು ಕೂಡುವುದು ಹೆಚ್ಚು. ಎರಡೂ ಕಡೆಯಿಂದ ಅಂದೆ, ಕೇಳಿಸಿತೇ ಅತ್ತೆಯವರೇ?

ಕುಂಡಲಿ ಕೂಡಿಸುವ ವಾರದಲ್ಲೇ ರಕ್ತಪರೀಕ್ಷೆಯನ್ನೂ ಮಾಡಿಸಿ. ಎಚ್‌ಬಿ ಎ2 ಎಂದು ಕೇಳಿ, ಥಲಸ್ಸೀಮಿಯಾದ ಚೀಟಿ ಒಳಗೆ ಕೂತಿದೆಯೇ ಎಂದು ನೋಡುವ ಪರೀಕ್ಷೆ ಅದು. ಹುಡುಗಿಯದಷ್ಟೇ ಅಲ್ಲ, ಹುಡುಗನದೂ. ನಮಸ್ಕಾರ.