ನೂರಕ್ಕೆ 69 ಮಂದಿ ಕೊಡೋಕೆ ಸಿದ್ಧ, ನಮ್ಮ ಲೆಕ್ಕದಲ್ಲಿ ಬರೀ 43

[ಪರದೆ ಮೇಲೆ ಪ್ರಶ್ನೆ ಮಾತ್ರ]

"ಭೂಮಿ ಬಿಸಿಯಾಗೋದನ್ನ ತಡೆಯೋಕೆ ನಿಮ್ಮ ಮನೆ ಆದಾಯದಲ್ಲಿ ಪ್ರತಿ ತಿಂಗಳು ನೂರಕ್ಕೆ ಒಂದು ರೂಪಾಯಿ ಕೊಡ್ತೀರಾ?"

ಭಾರತವೂ ಸೇರಿ 125 ದೇಶಗಳಲ್ಲಿ ಸುಮಾರು 1.3 ಲಕ್ಷ ಜನರಿಗೆ ಇಂಥ ಪ್ರಶ್ನೆ ಕೇಳಿದ್ರು. ನೂರಕ್ಕೆ 69 ಮಂದಿ "ಕೊಡ್ತೀವಿ" ಅಂದ್ರು. ಬಡ ದೇಶಗಳಲ್ಲಿ, ಬಿಸಿಲು ಜಾಸ್ತಿ ಇರೋ ದೇಶಗಳಲ್ಲಿ ಈ ಒಪ್ಪಿಗೆ ಇನ್ನೂ ಹೆಚ್ಚು. ಹೊಟ್ಟೆಪಾಡು ನೋಡ್ಕೊಳ್ಳೋ ಜನಕ್ಕೆ ಹವಾಮಾನದ ಚಿಂತೆ ಎಲ್ಲಿಂದ ಬರಬೇಕು ಅಂತಾರಲ್ಲ, ಆ ಮಾತನ್ನ ಇನ್ನಾದ್ರೂ ಬಿಡೋಣ.

ಆಮೇಲೆ ಎರಡನೇ ಪ್ರಶ್ನೆ: "ನಿಮ್ಮ ದೇಶದಲ್ಲಿ ನೂರರಲ್ಲಿ ಎಷ್ಟು ಜನ ಒಪ್ಪಬಹುದು?" ಜನರ ಅಂದಾಜು, ಸರಾಸರಿ 43.

[ಎರಡು ಕಂಬ: 69, 43]

125 ದೇಶಗಳಲ್ಲೂ ಅಂದಾಜು ನಿಜಕ್ಕಿಂತ ಕಡಿಮೆಯೇ. ನಾನು ಕೊಡ್ತೀನಿ, ಪಕ್ಕದ ಮನೆಯವರು ಕೊಡಲ್ಲ ಅನ್ನೋ ನಂಬಿಕೆ. ಹಾಗನ್ನಿಸಿದ ಮೇಲೆ ಊರಿಗಿಲ್ಲದ ಉಸಾಬರಿ ನನಗ್ಯಾಕೆ ಅಂತ ಕೈ ತಾನಾಗೇ ಹಿಂದೆ ಸರಿಯುತ್ತೆ.

ಈ ಸಮೀಕ್ಷೆ 2024ರಲ್ಲಿ 'ನೇಚರ್ ಕ್ಲೈಮೇಟ್ ಚೇಂಜ್' ಪತ್ರಿಕೆಯಲ್ಲಿ ಬಂತು. ಮಾಡಿದವರು ಪೀಟರ್ ಆಂಡ್ರೆ, ಟಿಯೊಡೊರಾ ಬೊನೆವಾ, ಫೆಲಿಕ್ಸ್ ಚೋಪ್ರಾ, ಆರ್ಮಿನ್ ಫಾಕ್ ಅನ್ನೋ ನಾಲ್ವರು ಅರ್ಥಶಾಸ್ತ್ರಜ್ಞರು.

ಬಾಯಲ್ಲಿ ಹೂಂ ಅನ್ನೋದು ಸುಲಭ, ದುಡ್ಡು ಬಿಚ್ಚೋದು ಕಷ್ಟ ಅಂತೀರಾ? ಇದೇ ನಾಲ್ವರು ಅಮೆರಿಕದಲ್ಲಿ ದುಡ್ಡು ಇಟ್ಟೇ ಪ್ರಯೋಗ ಮಾಡಿದ್ರು.

[ಪರದೆ: 450 ಡಾಲರ್, ಎರಡು ಭಾಗ]

450 ಡಾಲರ್. ಎಷ್ಟು ನಿಮಗೆ, ಎಷ್ಟು 'ಆಟ್ಮೋಸ್‌ಫೇರ್' ಅನ್ನೋ, ಭೂಮಿ ಬಿಸಿಯಾಗೋದನ್ನ ತಡೆಯೋಕೆ ದುಡಿಯೋ ಸಂಸ್ಥೆಗೆ? ನೀವೇ ಹಂಚಬೇಕು. ಲಾಟರಿಯಲ್ಲಿ ಹೆಸರು ಬಂದವರ ಹಂಚಿಕೆ ನಿಜವಾಗಿ ಜಾರಿಯಾಗುತ್ತೆ. ಹಂಚೋಕೆ ಮೊದಲು ಕೆಲವರಿಗೆ ಒಂದೇ ಒಂದು ವಿಷಯ ಹೇಳಿದ್ರು: ತಾಪಮಾನ ಏರಿಕೆಯ ವಿರುದ್ಧ ಏನಾದ್ರೂ ಮಾಡ್ತಿರೋ ಅಮೆರಿಕನ್ನರು ನಿಜಕ್ಕೂ ಎಷ್ಟು ಮಂದಿ, ಅಥವಾ ಮಾಡಲೇಬೇಕು ಅನ್ನೋವರು ಎಷ್ಟು ಮಂದಿ. ಕರಗೋ ಹಿಮದ ಚಿತ್ರ ಇಲ್ಲ, ಭಯ ಹುಟ್ಟಿಸೋ ಭಾಷಣ ಇಲ್ಲ. ಆ ಅಂಕಿ ನೋಡಿದವರು ಉಳಿದವರಿಗಿಂತ ಜಾಸ್ತಿ ಕೊಟ್ರು.

ಎಲ್ಲಕ್ಕಿಂತ ಹೆಚ್ಚು ಬದಲಾದವರು ಯಾರು ಗೊತ್ತಾ? ಮನುಷ್ಯರಿಂದ ಭೂಮಿ ಬಿಸಿಯಾಗ್ತಿದೆ ಅನ್ನೋದನ್ನೇ ನಂಬದವರು! ವರ್ಷಗಟ್ಟಲೆ ವಾದ ಮಾಡಿದ್ರೂ ಜಗ್ಗದವರನ್ನ ಸುತ್ತಮುತ್ತಲಿನವರ ಲೆಕ್ಕ ಅಲುಗಿಸ್ತು. ನನಗೆ ಇಡೀ ಅಧ್ಯಯನದಲ್ಲಿ ಅತಿ ದೊಡ್ಡ ಮಾತು ಇದೇ.

ಹಾಗಾಗಿ ಕೆರೆಗೋ ಕಾಡಿಗೋ ಚಂದಾ ಎತ್ತೋರಿಗೆ ನನ್ನ ವಿನಂತಿ. "ಯಾರಿಗೂ ಕಾಳಜಿ ಇಲ್ಲ, ನೀವಾದ್ರೂ ಕೊಡಿ" ಅಂತ ಪೋಸ್ಟರ್ ಹಾಕಬೇಡಿ. ಕೊಡೋಕೆ ಮನಸ್ಸಿದ್ದವರಿಗೂ ಅದು ಒಂಟಿತನ ಹುಟ್ಟಿಸುತ್ತೆ. ನಿಮ್ಮ ಬಡಾವಣೆಯಲ್ಲಿ ಇಷ್ಟು ಮನೆಯವರು ಆಗಲೇ ಕೊಟ್ಟಿದ್ದಾರೆ ಅಂತ ಬರೀರಿ. ಅಂಕಿ ಮಾತ್ರ ನಿಜದ್ದಿರಲಿ. ಒಂದು ಸಲ ಸುಳ್ಳು ಅಂತ ಗೊತ್ತಾದ್ರೆ ಮುಂದಿನ ಸಲ ಬಾಗಿಲೇ ತೆಗೆಯಲ್ಲ.