ಹುಳುವಿಗಿಂತ ಮೊದಲು ಬರುವ ಭಯ

ಕೇಳುಗರಿಗೆ ನಮಸ್ಕಾರ.

ರೈತರು ಬೆಳೆಗೆ ಅಳತೆ ಮೀರಿ ಕೀಟನಾಶಕ ಹೊಡೆಯುತ್ತಾರೆ, ಅವರಿಗೆ ತಿಳಿವಳಿಕೆ ಸಾಲದು ಎಂಬ ಮಾತನ್ನು ನೀವೂ ಕೇಳಿರುತ್ತೀರಿ. ಈ ಮಾತು ನನಗೆ ಒಪ್ಪಿಗೆಯಿಲ್ಲ. ವಿಷದ ಕಾವು ಮೊದಲು ತಟ್ಟುವುದು ಸಿಂಪಡಿಸುವವರಿಗೇ. ತಲೆಸುತ್ತು, ವಾಂತಿ, ಕಣ್ಣುರಿ ಅನುಭವಿಸಿದವರಿಗೆ ಅಪಾಯವನ್ನು ಹೊರಗಿನವರು ವಿವರಿಸಬೇಕಾಗಿಲ್ಲ.

ಹಾಗಾದರೆ ಏಕೆ ಹೊಡೆಯುತ್ತಾರೆ? ಭಯದಿಂದ. ಸಾಲ ಮಾಡಿ ಬೆಳೆದ ಬೆಳೆಯಲ್ಲಿ ನಾಲ್ಕು ಎಲೆ ತೂತಾಗಿ ಕಂಡವೆನ್ನಿ. ಒಂದು ಸಿಂಪಡಣೆಗೆ ತಗಲುವ ಖರ್ಚು ಎಷ್ಟೆಂದು ರೈತನಿಗೆ ಗೊತ್ತು. ಸುಮ್ಮನಿದ್ದರೆ ಆಗುವ ನಷ್ಟ ಎಷ್ಟೆಂದು ಗೊತ್ತಿಲ್ಲ, ಇಡೀ ಬೆಳೆಯೇ ಹೋಗಬಹುದು. ಕೀಟಗಳ ಸಂಖ್ಯೆ ಆರ್ಥಿಕ ನಷ್ಟದ ಮಟ್ಟಕ್ಕೆ, ಅಂದರೆ ಹುಳು ಮಾಡುವ ಹಾನಿ ಸಿಂಪಡಣೆಯ ಖರ್ಚಿಗೆ ಸಮವಾಗುವ ಮಟ್ಟಕ್ಕೆ, ಹತ್ತಿರವಾಗುವವರೆಗೆ ಕಾಯಿರಿ ಎಂದು ಕೃಷಿ ವಿಜ್ಞಾನ ಹೇಳುತ್ತದೆ. ಸರಿಯಾದ ಮಾತು. ಆದರೆ ಕಾಯುವ ಧೈರ್ಯ ಬರಬೇಕಾದರೆ ಬೆನ್ನಿಗೆ ಯಾರಾದರೂ ಇರಬೇಕು, ಕೈಯಲ್ಲಿ ನಾಲ್ಕು ಕಾಸಾದರೂ ಇರಬೇಕು.

ಆ ಹೊತ್ತಿನಲ್ಲಿ ಸಲಹೆಗೆ ಸಿಗುವವರು ಬಹುಪಾಲು ಮಾರಾಟಗಾರರೇ. ಮಾರಾಟದಿಂದಲೇ ಹೊಟ್ಟೆ ಹೊರೆಯುವವರ ಬಾಯಲ್ಲಿ ‘ಏನೂ ಬೇಡ, ವಾರ ಕಾದು ನೋಡಿ’ ಎಂಬ ಮಾತು ಸುಲಭವಾಗಿ ಹೊರಡುವುದಿಲ್ಲ. ಎಲೆ ಹಳದಿಯಾಗಲು ಪೋಷಕಾಂಶದ ಕೊರತೆ ಕಾರಣವಿರಬಹುದು, ವೈರಸ್ ಇರಬಹುದು, ಬುಡದಲ್ಲಿ ನೀರು ನಿಂತಿರಬಹುದು. ಕೀಟನಾಶಕ ಇವುಗಳಲ್ಲಿ ಒಂದನ್ನೂ ವಾಸಿ ಮಾಡುವುದಿಲ್ಲ. ಕಾರಣ ತಿಳಿಯದಾಗಲೇ ಎರಡು ಮೂರು ಬಗೆಯನ್ನು ಒಂದೇ ಡಬ್ಬಿಯಲ್ಲಿ ಬೆರೆಸಿ ಹೊಡೆಯುವುದು ಶುರುವಾಗುತ್ತದೆ.

ಕೊಳ್ಳುವವರ ಪಾಲೂ ಇದರಲ್ಲಿದೆ. ಚುಕ್ಕೆಯಿಲ್ಲದ ಕಾಯಿಯೇ ಬೇಕೆಂದು ನಾವೆಲ್ಲ ಆರಿಸಿ ತೆಗೆದುಕೊಳ್ಳುತ್ತೇವೆ. ಸಿಂಪಡಿಸಿದ ಮೇಲೆ ಕೊಯ್ಲಿಗೆ ಇಂತಿಷ್ಟು ದಿನ ಬಿಡಬೇಕೆಂದು ಬಾಟಲಿಯ ಚೀಟಿಯಲ್ಲಿ ಬರೆದಿರುತ್ತದೆ. ದಿನ ಬಿಟ್ಟು ದಿನ ಕೊಯ್ಯಬೇಕಾದ ತರಕಾರಿ ಅಷ್ಟು ದಿನ ಗಿಡದಲ್ಲಿ ನಿಂತರೆ ಬಲಿತುಹೋಗುತ್ತದೆ, ಅದನ್ನೂ ನಾವು ಕೊಳ್ಳುವುದಿಲ್ಲ.

ಇನ್ನು ಕೀಟಗಳ ವಿಷಯ. ಪ್ರತಿ ಸಿಂಪಡಣೆಯಲ್ಲಿಯೂ ಸಾಯದೆ ಉಳಿಯುವ ಕೆಲವು ಹುಳುಗಳಿರುತ್ತವೆ, ಮುಂದಿನ ಪೀಳಿಗೆ ಅವುಗಳದ್ದೇ. ಎಲೆಕೋಸನ್ನು ತಿನ್ನುವ ವಜ್ರಬೆನ್ನಿನ ಪತಂಗ ಡಿಡಿಟಿ ಎಂಬ ಕೀಟನಾಶಕಕ್ಕೆ ಬಗ್ಗದಿರುವುದು ಜಾವಾ ದ್ವೀಪದಲ್ಲಿ 1953ರಷ್ಟು ಹಿಂದೆಯೇ ವರದಿಯಾಗಿತ್ತು. ಔಷಧ ನಾಟದಾದಾಗ ರೈತ ಪ್ರಮಾಣ ಹೆಚ್ಚಿಸುತ್ತಾನೆ, ಇಲ್ಲವೇ ಬೇರೆ ಹೆಸರಿನ ಬಾಟಲಿ ತರುತ್ತಾನೆ. ಹೆಸರು ಬೇರೆಯಾದರೂ ಒಳಗಿನ ವಿಷ ಎಷ್ಟೋ ಸಲ ಅದೇ ಆಗಿರುತ್ತದೆ. ಅದನ್ನು ಹೇಳುವ ಅಕ್ಷರಗಳು ಚೀಟಿಯಲ್ಲಿ ಇರುವೆ ಗಾತ್ರದಲ್ಲಿರುತ್ತವೆ. ಇದನ್ನು ರೈತನ ಅಜ್ಞಾನವೆನ್ನಲು ನನಗೆ ಮನಸ್ಸು ಬರುವುದಿಲ್ಲ.

ಇಂಡೋನೇಷ್ಯಾದ ಭತ್ತದ ಗದ್ದೆಗಳಲ್ಲಿ ಒಮ್ಮೆ ಸರ್ಕಾರವೇ ಭಾರೀ ಸಹಾಯಧನ ಕೊಟ್ಟು ಕೀಟನಾಶಕ ಹೊಡೆಸಿತ್ತು. ಭತ್ತದ ರಸ ಹೀರುವ ಕಂದು ಜಿಗಿಹುಳುವನ್ನು ಹಿಡಿದು ತಿನ್ನುವ ಜೇಡಗಳು ಸತ್ತವು, ಜಿಗಿಹುಳು ಮಿತಿಮೀರಿತು. 1986ರಲ್ಲಿ ಅಲ್ಲಿನ ಸರ್ಕಾರ ಭತ್ತಕ್ಕೆ 57 ಕೀಟನಾಶಕಗಳನ್ನು ನಿಷೇಧಿಸಿತು, ಬಳಿಕ ಸಹಾಯಧನವನ್ನೂ ನಿಲ್ಲಿಸಿತು. 1989ರಿಂದ ರೈತರು ಗದ್ದೆಯ ಬದುವಿನಲ್ಲೇ ಕಲಿಯುವ ಶಾಲೆಗಳು ನಡೆದವು. ವಾರಕ್ಕೊಮ್ಮೆ ಗದ್ದೆಗಿಳಿದು, ಬೆಳೆ ಕೆಡಿಸುವ ಹುಳುವೆಷ್ಟು, ಅದನ್ನು ಹಿಡಿಯುವ ಜೇಡವೆಷ್ಟು ಎಂದು ತಾವೇ ಎಣಿಸಿ, ಹೊಡೆಯಬೇಕೋ ಬೇಡವೋ ಎಂದು ಒಟ್ಟಾಗಿ ಕುಳಿತು ನಿರ್ಧರಿಸುತ್ತಿದ್ದರು. ಸಿಂಪಡಣೆ ಇಳಿಯಿತು. ಭತ್ತದ ಇಳುವರಿ ಕುಸಿಯಲಿಲ್ಲ.

ನಮಸ್ಕಾರ.