ಕಡ್ಡಿ ಮುರಿಯಲಿ, ಜಾಯಿಂಟು ಬಿಡದಿರಲಿ

ಕೇಳುಗರಿಗೆಲ್ಲ ನಮಸ್ಕಾರ. ಶಾಲೆಗಳಲ್ಲಿ ವಿಜ್ಞಾನ ಪ್ರದರ್ಶನದ ದಿನಗಳು ಹತ್ತಿರ ಬಂದವು. ಈ ಹೊತ್ತಿನಲ್ಲಿ ರೇಡಿಯೊ ಹಾಕಿಕೊಂಡಿರುವ ಮನೆಗಳಲ್ಲಿ ಒಂದೆರಡು ಕಡೆಯಾದರೂ ಊಟದ ಮೇಜಿನ ಮೇಲೆ ಐಸ್‌ಕ್ರೀಮ್ ಕಡ್ಡಿಗಳ ರಾಶಿ, ಪಕ್ಕದಲ್ಲಿ ಫೆವಿಕಾಲ್ ಡಬ್ಬಿ ಇರುತ್ತದೆ, ನನಗೆ ಗೊತ್ತು. ಮಗಳು ಆಗಲೇ ಮಲಗಿರುತ್ತಾಳೆ. ಸೇತುವೆ ಕಟ್ಟುತ್ತಿರುವುದು ಅಪ್ಪ. ಅಪ್ಪಂದಿರೇ, ದಯವಿಟ್ಟು ನೀವೂ ಹೋಗಿ ಮಲಗಿ. ಬೆಳಿಗ್ಗೆ ಅವಳೇ ಕಟ್ಟಲಿ.

ನಾನು ಸಿವಿಲ್ ಇಂಜಿನಿಯರಿಂಗ್ ಮೇಷ್ಟ್ರು. ಈಗ ನಿವೃತ್ತ. ಕಡ್ಡಿ ಸೇತುವೆ ಸ್ಪರ್ಧೆಗಳಿಗೆ ತೀರ್ಪು ಹೇಳಲು ಕರೆಯುತ್ತಾರೆ, ಹೋಗುತ್ತೇನೆ. ನಿಂತ ಸೇತುವೆಗಿಂತ ಬಿದ್ದ ಸೇತುವೆಗಳನ್ನೇ ಜಾಸ್ತಿ ನೋಡಿದ್ದೇನೆ. ಇವತ್ತು ಹೇಳುವುದು ಒಂದೇ ಮಾತು. ಜಾಯಿಂಟು ನೋಡಿ.

ಒಂದು ಕಡ್ಡಿ ಕೈಗೆ ತೆಗೆದುಕೊಳ್ಳಿ. ಸುಮಾರು ಹನ್ನೊಂದೂವರೆ ಸೆಂಟಿಮೀಟರ್ ಉದ್ದ, ಒಂದು ಸೆಂಟಿಮೀಟರ್ ಅಗಲ, ಎರಡು ಮಿಲಿಮೀಟರ್ ದಪ್ಪ. ಎರಡು ತುದಿ ಹಿಡಿದು ಎಳೆಯಿರಿ. ಏನೂ ಆಗಲ್ಲ, ಅಲ್ವಾ? ಮರದ ಎಳೆ ಕಡ್ಡಿಯ ಉದ್ದಕ್ಕೇ ಓಡುತ್ತದೆ, ಎಳೆತಕ್ಕೆ ಅದು ಬಲು ಗಟ್ಟಿ. ಈಗ ಎರಡು ತುದಿಗಳಿಂದ ಒಳಕ್ಕೆ ಒತ್ತಿ. ಬಿಲ್ಲಿನ ಹಾಗೆ ಬಾಗಿತು. ಒತ್ತಡಕ್ಕೆ ಸಿಕ್ಕ ಕಡ್ಡಿ ಬಾಗಿಯೇ ಸೋಲುವುದು. ಉದ್ದ ಅರ್ಧ ಮಾಡಿದರೆ ಅದೇ ಕಡ್ಡಿ ಬಾಗುವ ಮೊದಲು ನಾಲ್ಕು ಪಟ್ಟು ಒತ್ತಡ ತಡೆಯುತ್ತದೆ. ಆಯ್ಲರ್ ಎಂಬ ಗಣಿತಜ್ಞ ಹದಿನೆಂಟನೇ ಶತಮಾನದಲ್ಲೇ ಕಂಡುಕೊಂಡ ಲೆಕ್ಕ ಇದು. ತ್ರಿಕೋನದ ವಿಷಯ ನಿಮ್ಮ ಮೇಷ್ಟ್ರು ಹೇಳಿರುತ್ತಾರೆ. ಚೌಕ ಓರೆಯಾಗುತ್ತದೆ, ತ್ರಿಕೋನ ಆಗಲ್ಲ. ಅಷ್ಟು ಸಾಕು.

ಸೇತುವೆ ಬಿದ್ದ ತಕ್ಷಣ ಮಕ್ಕಳು ಹೇಳುವುದು, "ಕಡ್ಡಿ ಸಾಲಲಿಲ್ಲ ಸಾರ್." ಮುಂದಿನ ಸಲ ಇನ್ನೂ ನೂರು ಕಡ್ಡಿ ಅಂಟಿಸಿಕೊಂಡು ಬರುತ್ತಾರೆ. ಅದೂ ಬೀಳುತ್ತದೆ. ಯಾಕೆ ಅಂತ ನನಗೆ ಗೊತ್ತಾದದ್ದು ಪುಸ್ತಕದಿಂದಲ್ಲ.

ನಾನು ಕೆಲಸಕ್ಕೆ ಸೇರಿದ ಹೊಸತು. ಊರು ಮಲೆನಾಡು, ತಿಂಗಳು ಜುಲೈ. ಮಳೆ ಅಂದರೆ ಮಳೆ, ಒಗೆದ ಬನಿಯನ್ನು ಮೂರು ದಿನವಾದರೂ ಒಣಗದ ಮಳೆ. ಹುಡುಗರಿಗೆ ತೋರಿಸೋಣ ಅಂತ ಒಂದು ಸೇತುವೆ ಕಟ್ಟಿದೆ. ರಾತ್ರಿ ಎರಡು ಗಂಟೆವರೆಗೆ ಕೂತಿದ್ದೆ. ಫೆವಿಕಾಲನ್ನು ದೋಸೆಗೆ ಬೆಣ್ಣೆ ಹಾಕಿದ ಹಾಗೆ ಹಾಕಿದ್ದೆ. ಜಾಸ್ತಿ ಹಾಕಿದಷ್ಟೂ ಗಟ್ಟಿ ಅನ್ನುವ ಲೆಕ್ಕ. ಬೆಳಿಗ್ಗೆ ಲ್ಯಾಬಿನಲ್ಲಿ ಎರಡು ಮೇಜಿನ ನಡುವೆ ಅದನ್ನು ಇಟ್ಟು ಬಕೆಟ್ ನೇತುಹಾಕಿದೆ. ನಲವತ್ತು ಕೆಜಿ ಹೊರುತ್ತದೆ ಅಂತ ಬೋರ್ಡಿನ ಮೇಲೆ ಲೆಕ್ಕವನ್ನೂ ಬರೆದಿದ್ದೆ. ಮರಳು ಸುರಿಯುತ್ತಾ ಹೋದೆವು. ಹನ್ನೊಂದು ಕೆಜಿ ದಾಟಿತು, ಅಷ್ಟೇ. ಸದ್ದೇ ಇಲ್ಲ. ಹಲಸಿನ ತೊಳೆ ಬಿಡಿಸಿದ ಹಾಗೆ ಸೇತುವೆ ಮೆಲ್ಲಗೆ ಬಿಚ್ಚಿಕೊಂಡು ಕೆಳಗೆ ಬಂತು. ಹಿಂದಿನ ಬೆಂಚಿನವರು ಚಪ್ಪಾಳೆ ಹೊಡೆದರು.

ನಮ್ಮ ಲ್ಯಾಬಿನ ಅಟೆಂಡರ್ ಬಡಗಿ ಮನೆತನದವರು. ಸುಮ್ನೆ ಕೂತು ಕಡ್ಡಿಗಳನ್ನು ಒಂದೊಂದಾಗಿ ಆರಿಸಿದರು. ತುದಿ ಮುಟ್ಟಿ ನೋಡಿದರು. "ಸಾರ್, ಒಂದೂ ಮುರಿದಿಲ್ಲ. ಇದರಲ್ಲೇ ಇನ್ನೊಂದು ಕಟ್ಟಬಹುದು" ಅಂದರು. ನನಗೆ ಮೈ ಉರಿಯಿತು. ಆಮೇಲೆ ನಾನೂ ನೋಡಿದೆ. ನಿಜ. ತೊಂಬತ್ತು ಚಿಲ್ಲರೆ ಕಡ್ಡಿ, ಒಂದಕ್ಕೂ ಗೀರಿಲ್ಲ. ಅಂಟು ಹಾಕಿದ ಜಾಗ ಮಾತ್ರ ಇನ್ನೂ ಬೆಳ್ಳಗೆ, ಮೆತ್ತಗೆ, ಮೊಸರಿನ ಕೆನೆಯಂತಿತ್ತು. ಫೆವಿಕಾಲ್ ಒಣಗುವುದು ಅಂದರೆ ಅದರೊಳಗಿನ ನೀರು ಮರಕ್ಕೂ ಗಾಳಿಗೂ ಹೋಗುವುದು. ದಪ್ಪಗೆ ಬಳಿದು, ಮೇಲೊಂದು ಕಡ್ಡಿ ಮುಚ್ಚಿ, ಮಳೆಗಾಲದಲ್ಲಿ ಇಟ್ಟರೆ ನೀರು ಎಲ್ಲಿಗೆ ಹೋಗಬೇಕು?

ಅವರೇ ಕಲಿಸಿದರು. ಹಳೇ ಅಂಟು ಕೆರೆದು ತೆಗೆದೆವು. ಅಂಟಿಸುವ ಜಾಗವನ್ನು ಉಪ್ಪು ಕಾಗದದಲ್ಲಿ ಎರಡು ಸಲ ಉಜ್ಜಿದೆವು, ನುಣುಪು ಹೋಗುವಷ್ಟು. ಎರಡೂ ಕಡ್ಡಿಗೆ ತೆಳ್ಳಗೆ ಅಂಟು. ಹೆಬ್ಬೆರಳಿನ ಅಗಲದಷ್ಟು ಒಂದರ ಮೇಲೊಂದು ಕೂರಬೇಕು. ಮೇಲೆ ಬಟ್ಟೆ ಕ್ಲಿಪ್. ಅವರ ಮನೆಯ ಬಟ್ಟೆ ಒಣಹಾಕುವ ಹಗ್ಗದ ಮೇಲಿದ್ದ ಕ್ಲಿಪ್ಪುಗಳೆಲ್ಲ ಲ್ಯಾಬಿಗೆ ಬಂದವು, ಆ ವಾರ ಅವರ ಹೆಂಡತಿ ನನ್ನನ್ನು ಎಷ್ಟು ಬೈದುಕೊಂಡರೋ. ಬಿಸಿನೀರಿನ ಒಲೆ ಇರುವ ಬಚ್ಚಲ ಕೋಣೆಯ ಹೊರಗೆ ಎರಡು ದಿನ ಇಟ್ಟೆವು.

ಮತ್ತೆ ಅದೇ ಮೇಜು, ಅದೇ ಬಕೆಟ್, ಅದೇ ಕಡ್ಡಿ. ಇಪ್ಪತ್ತು. ಮೂವತ್ತು. ನಲವತ್ತು. ಬಕೆಟ್ ತುಂಬಿತು, ಕಬ್ಬಿಣದ ಬಟ್ಟು ಇಟ್ಟೆವು. ಐವತ್ತಮೂರು ಕೆಜಿಗೆ "ಟಪ್" ಅಂತು. ನೋಡಿದರೆ ಕೆಳಗಿನ ಸಾಲಿನ ಕಡ್ಡಿಯೇ ನಡುವೆ ತುಂಡಾಗಿತ್ತು, ಜಾಯಿಂಟು ಹಾಗೇ ಇತ್ತು. ನಾನು ಸಂತೋಷಕ್ಕೆ ಅಟೆಂಡರನ್ನು ತಬ್ಬಿಕೊಂಡೆ. ಪಾಪ, ಅವರಿಗೆ ಮುಜುಗರವಾಯಿತು.

ದೊಡ್ಡ ಸೇತುವೆಯೂ ಹೀಗೇ ಬೀಳುತ್ತದೆ. 1907ರ ಆಗಸ್ಟ್ 29ರಂದು ಕೆನಡಾದ ಕ್ವಿಬೆಕ್‌ನಲ್ಲಿ, ಕಟ್ಟುತ್ತಿದ್ದ ಉಕ್ಕಿನ ಸೇತುವೆ ನದಿಗೆ ಬಿತ್ತು. 75 ಜನ ಕೆಲಸಗಾರರು ಸತ್ತರು. ಒತ್ತಡ ಹೊರುತ್ತಿದ್ದ ದಪ್ಪ ತೊಲೆಗಳನ್ನು ಹಲವು ಹಲಗೆ ಸೇರಿಸಿ ಮಾಡಿದ್ದರು. ಆ ಹಲಗೆಗಳನ್ನು ಒಟ್ಟಿಗೆ ಹಿಡಿದಿದ್ದ ಸಣ್ಣ ಓರೆಪಟ್ಟಿಗಳು, ರಿವೆಟ್ಟುಗಳು ತಡೆಯಲಿಲ್ಲ. ಟನ್‌ಗಟ್ಟಲೆ ಉಕ್ಕು, ಸೋತದ್ದು ಸೇರಿಸಿದ ಜಾಗದಲ್ಲಿ. ಜಾಯಿಂಟು ನೋಡಿ ಅಂತ ನಾನು ಸುಮ್ನೆ ಹೇಳುತ್ತಿಲ್ಲ.

ಗಾಜಿನ ಆಚೆಯಿಂದ ಎರಡು ಬೆರಳು ತೋರಿಸುತ್ತಿದ್ದಾರೆ, ಎರಡೇ ನಿಮಿಷ ಅಂತೆ. ಬೇಗ ಹೇಳುತ್ತೇನೆ. ಎರಡು ಪಕ್ಕ ಕಟ್ಟಿದ ಮೇಲೆ ಅವುಗಳ ನಡುವೆ ಬರೀ ಅಡ್ಡಕಡ್ಡಿ ಸಾಲದು, ಓರೆಕಡ್ಡಿಯೂ ಬೇಕು. ಇಲ್ಲದಿದ್ದರೆ ಸೇತುವೆ ಪಕ್ಕಕ್ಕೆ ತಿರುಚಿಕೊಳ್ಳುತ್ತದೆ. ಬಕೆಟ್ಟಿನ ಹಗ್ಗ ಕಡ್ಡಿಯ ನಡುವೆ ಬೀಳದೆ ಜಾಯಿಂಟಿನ ಮೇಲೇ ಬೀಳಲಿ. ಬಣ್ಣ, ಥರ್ಮಾಕೋಲ್ ಮರ, ಆಟಿಕೆ ಕಾರು, ಬೀದಿ ದೀಪ ಬೇಡ. ನಾನಂತೂ ಅದಕ್ಕೆ ಅಂಕ ಕೊಡಲ್ಲ. ಮೊದಲು ಸೇತುವೆಯನ್ನು ತೂಕ ಮಾಡಿ, ಆಮೇಲೆ ಅದು ಹೊತ್ತ ಭಾರವನ್ನು ಆ ತೂಕದಿಂದ ಭಾಗಿಸಿ. ಇನ್ನೂರು ಗ್ರಾಮಿನ ಸೇತುವೆ ನಲವತ್ತು ಕೆಜಿ ಹೊತ್ತರೆ ತನ್ನ ಇನ್ನೂರು ಪಟ್ಟು ಹೊತ್ತ ಹಾಗಾಯಿತು. ಭಾರ ಹಾಕುವಾಗ ಮರಳು ನಿಧಾನ ಸುರಿಯಿರಿ, ಪ್ರತಿ ಸಲವೂ ಸ್ಕೇಲ್ ಹಿಡಿದು ಎಷ್ಟು ಜಗ್ಗಿತು ಅಂತ ಬರೆದುಕೊಳ್ಳಿ.

ಮುರಿದ ಮೇಲೆ ಗುಡಿಸಿ ಬಿಸಾಕಬೇಡಿ. ತುಂಡುಗಳನ್ನು ಹಳೇ ಪೇಪರಿನ ಮೇಲೆ ಹರಡಿ, ಎಷ್ಟು ಕಡ್ಡಿ ಮುರಿಯಿತು, ಎಷ್ಟು ಜಾಯಿಂಟು ಬಿಟ್ಟಿತು, ಎಣಿಸಿ. ಬಕೆಟ್ ನೆಲದಿಂದ ಒಂದು ಗೇಣಿಗಿಂತ ಮೇಲೆ ಇರಬಾರದು, ಕೆಳಗೊಂದು ಹಳೇ ದಿಂಬು ಇಡಿ, ಕಾಲು ದೂರ ಇರಲಿ. ನಮಸ್ಕಾರ.